ದುರ್ಗದಲ್ಲೊಂದು ಸಮುದ್ರ, ಅದಕ್ಕೊಬ್ಬ ಅಮಲ್ದಾರ

ನನ್ನನ್ನು ಬಲ್ಲವರೆಲ್ಲ ನನ್ನನ್ನು ಹೊಂದಿಕೊಂಡು ಹೋಗುವ ಮನುಷ್ಯ ಎಂದೇ ಹೇಳುತ್ತಾರೆ. ಸಾರಿಗೆ ಉಪ್ಪು ಕಡಿಮೆಯಾದರೂ ಉಣ್ಣುತ್ತೇನೆ, ಹೆಚ್ಚಾದರೂ ಉಣ್ಣುತ್ತೇನೆ. ನೆಂಟರ ಮಕ್ಕಳು ನನ್ನ ಕನ್ನಡಕದ ಮೇಲೆ ಕುಳಿತು ಅದನ್ನು ಎರಡು ತುಂಡು ಮಾಡಿದಾಗಲೂ ನಕ್ಕಿದ್ದೇನೆ. ಆದರೆ ಇಷ್ಟು ವರ್ಷ ಮುಚ್ಚಿಟ್ಟುಕೊಂಡ ಒಂದು ಮಾತನ್ನು ಈಗ ಒಪ್ಪಿಕೊಂಡುಬಿಡುತ್ತೇನೆ. ನಾನು ಕೂರುವ ಜಾಗದಲ್ಲಿ ಮತ್ತೊಬ್ಬರು ಕೂತರೆ ನನಗೆ ಮೈಯೆಲ್ಲ ಉರಿಯುತ್ತದೆ. ಒಮ್ಮೆ ಹಿರಿಯೂರಿನ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರಂತೆ ನಾನೂ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದಿದ್ದೆ. ಒಳಗೆ ಹೋಗುವಷ್ಟರಲ್ಲಿ ತೆಂಗಿನಕಾಯಿ ವ್ಯಾಪಾರಿಯೊಬ್ಬ ಆ ಟವೆಲನ್ನು ನೀಟಾಗಿ ಮಡಿಸಿ ತೊಡೆಯ ಮೇಲಿಟ್ಟುಕೊಂಡು ನನ್ನ ಸೀಟಿನಲ್ಲೇ ಕೂತಿದ್ದ. ಅವನ ಮುಖ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ನನ್ನ ಮದುವೆಗೆ ಬಂದವರಲ್ಲಿ ಅರ್ಧ ಜನರ ಮುಖ ನೆನಪಿಲ್ಲ. ಈ ಗುಣ ನನ್ನಲ್ಲಿದೆ ಎಂದು ತೋರಿಸಿಕೊಟ್ಟದ್ದು ಗುರುಗಳಲ್ಲ, ಹೆಂಡತಿಯೂ ಅಲ್ಲ, ಒಂದು ಮೀನು. ಅದೂ ಸಮುದ್ರದ ಮೀನು, ಅದೂ ಚಿತ್ರದುರ್ಗದಲ್ಲಿ.

ಎಪ್ಪತ್ತರ ದಶಕದ ನಡುವಿನ ಮಾತು. ನಾನಾಗ ದುರ್ಗದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುತ್ತಿದ್ದೆ. ನಮ್ಮ ವಿಭಾಗವೆಂದರೆ ಒಂದು ಉದ್ದನೆಯ ಕೋಣೆ, ಸೀಸೆಗಳಲ್ಲಿ ಅದ್ದಿಟ್ಟ ಹಾವು ಕಪ್ಪೆಗಳು, ಒಂದು ಅಸ್ಥಿಪಂಜರ, ನಾನು ಮತ್ತು ಅಟೆಂಡರ್ ಬುಡೇನ್ ಸಾಬರು. ಬುಡೇನ್ ಸಾಬರ ತಾತಮುತ್ತಾತಂದಿರು ಕೋಟೆಯ ಕಾಲದಿಂದಲೂ ದುರ್ಗದವರು. ನಾನು ಹತ್ತಿರದ ತಾಳ್ಯ ಎಂಬ ಹಳ್ಳಿಯಿಂದ ಬಂದವನು, ಹಾಗಾಗಿ ಅವರ ಲೆಕ್ಕದಲ್ಲಿ ನಿನ್ನೆ ಮೊನ್ನೆ ಬಂದವನು. ಕೋಣೆಗೆ ಇದ್ದದ್ದು ಒಂದೇ ಒಳ್ಳೆಯ ಕಿಟಕಿ. ಅದರಾಚೆ ಬೆಟ್ಟದ ಬಂಡೆಗಳು ಕಾಣುತ್ತಿದ್ದವು, ಮಧ್ಯಾಹ್ನವಾದರೆ ಎಣ್ಣೆ ಮಿಲ್ಲಿನ ಕಡಲೆಕಾಯಿ ಹಿಂಡಿಯ ವಾಸನೆ ಹೊತ್ತ ಗಾಳಿ ಬರುತ್ತಿತ್ತು. ಆ ಕಿಟಕಿಯ ಪಕ್ಕದ ಕುರ್ಚಿ ನನ್ನದು. ಹಾಗೆಂದು ಯಾರೂ ಬರೆದುಕೊಟ್ಟಿರಲಿಲ್ಲ. ಆದರೆ ಅದರ ಬೆತ್ತದ ಹೆಣಿಗೆ ನನ್ನ ಆಕಾರಕ್ಕೇ ತಗ್ಗಿತ್ತು, ಇದಕ್ಕಿಂತ ದೊಡ್ಡ ಪತ್ರ ಬೇಕೆಂದು ನನಗೆ ಅನ್ನಿಸಿರಲಿಲ್ಲ.

ನಮ್ಮ ಪ್ರಿನ್ಸಿಪಾಲರು ಬೇಸಿಗೆ ರಜೆಯಲ್ಲಿ ಮಗಳ ಮನೆಗೆಂದು ಬೊಂಬಾಯಿಗೆ ಹೋಗಿಬಂದರು. ಅಲ್ಲಿ ಗಾಜಿನ ತೊಟ್ಟಿಯಲ್ಲಿ ಸಮುದ್ರದ ಮೀನುಗಳನ್ನು ನೋಡಿದವರು ಬೇರೆಯೇ ಮನುಷ್ಯರಾಗಿ ಹಿಂತಿರುಗಿದರು. "ನಮ್ಮೂರಿನಲ್ಲಿ ಕೋಟೆ ಇದೆ, ಬೆಟ್ಟ ಇದೆ. ಸಮುದ್ರ ಒಂದಿಲ್ಲ ನೋಡಿ" ಎಂದು, ಅದು ನನ್ನದೇ ತಪ್ಪೆನ್ನುವಂತೆ ನನ್ನ ಮುಖ ನೋಡಿದರು. ಊರಿನಲ್ಲಿ ಕುಡಿಯುವ ನೀರೇ ದಿನ ಬಿಟ್ಟು ದಿನ ಬರುತ್ತಿದ್ದ ಕಾಲ ಅದು. ಆದರೂ ನಾನು "ಮಾಡೋಣ ಸಾರ್" ಎಂದೆ. ಹೊಂದಿಕೊಂಡು ಹೋಗುವ ಮನುಷ್ಯನಲ್ಲವೇ!

ಊರಿನ ಕಿಟಕಿ ಸರಳು ಮಾಡುವವರೊಬ್ಬರು ಕಬ್ಬಿಣದ ಚೌಕಟ್ಟು ಕೂರಿಸಿ ಆರಡಿ ಉದ್ದದ ಗಾಜಿನ ತೊಟ್ಟಿ ಮಾಡಿಕೊಟ್ಟರು. ಉಪ್ಪುನೀರಿಗೆ ಕಬ್ಬಿಣ ತುಕ್ಕು ಹಿಡಿಯುತ್ತದೆಂದು ಒಳಗೆಲ್ಲ ಮೂರು ಸಲ ಬಣ್ಣ ಬಳಿದೆವು. ಮಂಗಳೂರು ಹಂಚು ತರುವ ಲಾರಿಯಲ್ಲಿ ಪ್ಲಾಸ್ಟಿಕ್ ಕ್ಯಾನುಗಳೊಳಗೆ ಸಮುದ್ರದ ನೀರು ಬಂತು. ದುರ್ಗದ ಬಿಸಿಲಿಗೆ ನೀರು ಆರಿ ಉಪ್ಪು ಹೆಚ್ಚಾಗುತ್ತದಲ್ಲ, ಅದನ್ನು ಅಳೆಯುವ ಉಪಕರಣ ನಮ್ಮಲ್ಲಿರಲಿಲ್ಲ. ಬುಡೇನ್ ಸಾಬರು ಹಾಲಿನ ಡೈರಿಯಿಂದ ಹಾಲು ಅಳೆಯುವ ಲ್ಯಾಕ್ಟೊಮೀಟರನ್ನೇ ಕೇಳಿ ತಂದರು. ಅದನ್ನು ಮೊದಲು ಸಮುದ್ರದ ನೀರಿನಲ್ಲಿ ತೇಲಿಸಿದೆ. ಆಮೇಲೆ ಕುತೂಹಲಕ್ಕೆಂದು ನಮ್ಮ ಮನೆಗೆ ಬರುವ ಹಾಲಿನಲ್ಲಿ ತೇಲಿಸಿದೆ. ಎರಡೂ ಒಂದೇ ಗೆರೆ ತೋರಿಸಿದವು. ಅಂದಿನಿಂದ ನಮಗೆ ಅಳತೆ ಸುಲಭವಾಯಿತು. ತೊಟ್ಟಿಯ ನೀರು ನಮ್ಮ ಹಾಲಿನಷ್ಟಿದ್ದರೆ ಅದು ಸಮುದ್ರ. ಇನ್ನು ಕರೆಂಟು ಹೋದಾಗ ಗಾಳಿ ಊದುವ ಮೋಟಾರು ನಿಂತುಬಿಡುತ್ತಿತ್ತು. ಆಗ ಬುಡೇನ್ ಸಾಬರು ತಮ್ಮ ಸೈಕಲ್ ಪಂಪನ್ನು ತಂದು, ರಬ್ಬರ್ ಕೊಳವೆಗೆ ಸಿಕ್ಕಿಸಿ, ಕುಕ್ಕರುಗಾಲಿನಲ್ಲಿ ಕೂತು ಸಮುದ್ರಕ್ಕೆ ಗಾಳಿ ಹೊಡೆಯುತ್ತಿದ್ದರು. ಆ ಪಂಪಿನ ಉಸ್ ಉಸ್ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ಸಮುದ್ರವೇನೋ ಆಯಿತು. ಮೀನು ಯಾವುದು ಎನ್ನುವುದೇ ಕಷ್ಟದ ಪ್ರಶ್ನೆಯಾಯಿತು. ಸಮುದ್ರದ ಮೀನುಗಳು ಕೆರೆಯ ಮೀನುಗಳಂತಲ್ಲ. ಒಂದಕ್ಕೊಂದು ಆಗಿಬರಬೇಕು. ಪ್ರಿನ್ಸಿಪಾಲರು ತಂದ ಪುಸ್ತಕದಲ್ಲಿ ಯಾವ ಮೀನಿನ ಜೊತೆ ಯಾವುದು ಬಾಳುತ್ತದೆ, ಯಾವುದು ಬಾಳುವುದಿಲ್ಲ ಎಂದು ಒಂದು ಕೋಷ್ಟಕವಿತ್ತು. ನಾನೂ ಅವರೂ ಅದನ್ನು ಮಧ್ಯೆ ಇಟ್ಟುಕೊಂಡು, ಮದುವೆಗೆ ಗಣ ಕೂಟ ನೋಡುವವರ ಹಾಗೆ ಬೆರಳಿಟ್ಟು ಓದಿದೆವು. ಚಹಾ ತಂದ ಬುಡೇನ್ ಸಾಬರು ಸ್ವಲ್ಪ ಹೊತ್ತು ನೋಡಿ, "ಸಾರ್, ಕಾಗ್ದದಾಗೆ ಹೊಂದಿದ್ದು ನೀರಾಗೆ ಹೊಂದ್ತೈತೆ ಅಂತ ಏನು ಗ್ಯಾರಂಟಿ? ನಮ್ಮ ಅಣ್ಣ ತಮ್ಮಂದ್ರನ್ನೇ ನೋಡ್ರಿ. ಒಂದೇ ತಾಯಿ ಹೊಟ್ಟೇಲಿ ಹುಟ್ಟಿದೋರು, ಒಂದು ಬಾವಿ ನೀರು ಕುಡಿಯಲ್ಲ" ಎಂದರು. ಪ್ರಿನ್ಸಿಪಾಲರು ಅದು ವಿಜ್ಞಾನವಲ್ಲ ಎಂದರು.

ಕರಾವಳಿಯ ಹೈಸ್ಕೂಲೊಂದರಲ್ಲಿ ಮೇಷ್ಟರಾಗಿದ್ದ ನನ್ನ ಹಳೆಯ ವಿದ್ಯಾರ್ಥಿ ಬಂಡೆಗಳ ನಡುವೆ ನಿಂತ ನೀರಿನಿಂದ ನಾಲ್ಕು ಮೀನು ಹಿಡಿದು ಕಳಿಸಿದ. ಅದರಲ್ಲೊಂದಕ್ಕೆ ಹಳದಿ ಮೈ, ಅಡ್ಡಕ್ಕೆ ಐದು ಕಪ್ಪು ಪಟ್ಟೆ. ನನ್ನ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ಬೆಟ್ಟದಿಂದ ತಂದು ಜೋಡಿಸಿದ್ದ ಕಲ್ಲುಗಳ ನಡುವಿನ ಒಂದು ಪೊಟರೆಯನ್ನು ಅದು ಮೊದಲ ದಿನವೇ ಹಿಡಿದುಕೊಂಡಿತು. ಮಿಕ್ಕ ಮೂರು ಅತ್ತ ಸುಳಿದರೆ ಬೆನ್ನಟ್ಟಿ ಬಾಲ ಕಚ್ಚುತ್ತಿತ್ತು. ಒಂದು ವಾರದಲ್ಲಿ ತೊಟ್ಟಿಯಲ್ಲಿ ಉಳಿದದ್ದು ಅದೊಂದೇ. ಬುಡೇನ್ ಸಾಬರು ಅದಕ್ಕೆ 'ಅಮಲ್ದಾರ' ಎಂದು ಹೆಸರಿಟ್ಟರು. ಅವರ ತಂದೆಯ ಕಾಲದಲ್ಲಿ ಅಮಲ್ದಾರರ ಕಚೇರಿಯ ಮುಂದೆ ಯಾರೂ ಚಪ್ಪಲಿ ಹಾಕಿಕೊಂಡು ಹಾಯುವಂತಿರಲಿಲ್ಲವಂತೆ. ಆರಡಿ ಸಮುದ್ರದಲ್ಲಿ ಹೆಬ್ಬೆರಳು ಗಾತ್ರದ ಅಮಲ್ದಾರ ಒಬ್ಬನೇ ತಿರುಗುವುದನ್ನು ನೋಡಲು ಊರಿನ ಜನ ಸಾಲುಗಟ್ಟಿ ಬಂದರು. ನೋಡಿ, "ಇಷ್ಟೇ ಏನ್ರಿ?" ಎಂದು ಹೋದರು.

ಇದೇ ಹೊತ್ತಿಗೆ ನಮ್ಮ ವಿಭಾಗಕ್ಕೆ ಲೀಲಾವತಿ ಎಂಬ ಹೊಸ ಅಧ್ಯಾಪಕಿ ಬಂದರು. ಕುಂದಾಪುರದ ಕಡೆಯವರು. ಹಾಸಿಗೆ ಸುರುಳಿ, ಒಂದು ಟ್ರಂಕು, ಒಂದು ಕೊಡೆ. ದುರ್ಗದಲ್ಲಿ ಆ ಕೊಡೆ ಬಿಸಿಲಿಗಲ್ಲದೆ ಮತ್ತೆ ಬಿಚ್ಚಿದ್ದನ್ನು ನಾನು ಕಾಣೆ. ಪ್ರಿನ್ಸಿಪಾಲರು ನನ್ನನ್ನು ಕರೆದು, "ಸದ್ಯಕ್ಕೆ ಆಕೆಯ ಕೆಲಸ ತಾತ್ಕಾಲಿಕ. ದಸರಾ ರಜೆಗೆ ಮುಂಚೆ ನಿಮ್ಮ ಅಭಿಪ್ರಾಯ ಬರೆದುಕೊಡಿ. ಹೊಂದಿಕೊಂಡರೆ ಇಟ್ಟುಕೊಳ್ಳೋಣ, ಇಲ್ಲದಿದ್ದರೆ ಬೇಡ" ಎಂದರು. ಇಬ್ಬರು ತಮ್ಮಂದಿರ ಓದು ಆಕೆಯ ಸಂಬಳದ ಮೇಲೆ ನಿಂತಿದೆ ಎನ್ನುವುದು ನನಗೆ ತಿಳಿದದ್ದು ಬುಡೇನ್ ಸಾಬರಿಂದ. ಆಕೆ ಅವರಿಗೆ ಹೇಳಿದ್ದರು, ನನಗೆ ಹೇಳಿರಲಿಲ್ಲ. ನನಗೆ ಹೇಳುವ ಹಾಗೆ ನಾನು ನಡೆದುಕೊಂಡಿರಲೂ ಇಲ್ಲ.

ಮೊದಲ ದಿನ ನಾನು ಪಾಠ ಮುಗಿಸಿ ಬಂದಾಗ ಆಕೆ ನನ್ನ ಕುರ್ಚಿಯಲ್ಲಿ ಕೂತು, ಕಿಟಕಿಯಾಚೆ ಬಂಡೆಗಳನ್ನು ನೋಡುತ್ತಿದ್ದರು. ನನ್ನನ್ನು ಕಂಡು ತಟ್ಟನೆ ಎದ್ದರು. ನಾನು ನಕ್ಕೆ. ಮೇಲೆ ನಕ್ಕೆನೇ ಹೊರತು ಒಳಗೆ ಏಳೂ ಸಮುದ್ರ ಕುದಿಯುತ್ತಿತ್ತು. ಮರುದಿನ ಆಕೆಗೆ ಸೀಸೆಗಳ ಬೀರುವಿನ ಹಿಂದೆ ಒಂದು ಸ್ಟೂಲು ಹಾಕಿಸಿದೆ. ಅಲ್ಲಿ ಗಾಳಿಯಿಲ್ಲ, ಬೆಳಕಿಲ್ಲ, ಫಾರ್ಮಲಿನ್ ವಾಸನೆಗೆ ಕಣ್ಣು ಉರಿಯುತ್ತದೆ. ಬೀರುವಿನ ಬೀಗದ ಕೈ ಬೇಕೆಂದರೆ ನನ್ನನ್ನೇ ಕೇಳಬೇಕು. ಆಕೆ ಕೇಳಿದಾಗ ನಾನು ಜೇಬುಗಳನ್ನೆಲ್ಲ ತಡಕಿ, ಗೊತ್ತಿದ್ದೂ ಕೊನೆಯ ಜೇಬಿನಿಂದ ತೆಗೆಯುತ್ತಿದ್ದೆ. ಇದನ್ನೆಲ್ಲ ಈಗ ಬರೆಯಲು ನಾಚಿಕೆಯಾಗುತ್ತದೆ. ಆಗ ಮಾತ್ರ ಇದು ವಿಭಾಗದ ಶಿಸ್ತು ಎಂದೇ ನಂಬಿದ್ದೆ.

ಗೌರಿ ಹಬ್ಬಕ್ಕೆ ಊರಿಗೆ ಹೋದ ಲೀಲಾವತಿಯವರು ಮೂರು ಮೀನು ತಂದರು. ಮಣ್ಣಿನ ಮಡಕೆಗೆ ಒದ್ದೆ ಬಟ್ಟೆ ಕಟ್ಟಿ, ಅಷ್ಟು ದೂರ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದಿದ್ದರು. ಚಪ್ಪಟೆಯಾದ ದುಂಡು ಮೈ, ಮೈತುಂಬ ಚುಕ್ಕೆ. ಸಾಧು ಮೀನುಗಳು. ನಾನು ಮಡಕೆ ಎತ್ತಿಕೊಂಡು ತೊಟ್ಟಿಗೆ ಸುರಿಯಲು ಹೋದೆ.

"ಸರ್, ಒಮ್ಮೆಲೇ ಬೇಡ. ತೊಟ್ಟಿ ನೀರನ್ನು ಒಂದೊಂದೇ ಲೋಟ ಮಡಕೆಗೆ ಬೆರೆಸುತ್ತಾ ಬರುವ. ಅದಕ್ಕೆ ಅಭ್ಯಾಸ ಆಗ್ತದೆ" ಎಂದರು ಲೀಲಾವತಿ.

"ಪುಸ್ತಕದಲ್ಲಿ ಹಾಗೇನೂ ಬರೆದಿಲ್ಲ" ಎಂದೆ.

"ನಾವು ಸಣ್ಣವರಿರುವಾಗ ಹೀಗೇ ಮಾಡುತ್ತಿದ್ದೆವು ಸರ್. ಮತ್ತೆ ಆ ಪಟ್ಟೆ ಮೀನುಂಟಲ್ಲ, ಅದು ಸುಮ್ಮನೆ ಬಿಡುವುದಿಲ್ಲ."

ನಾನು ಸುರಿದೇಬಿಟ್ಟೆ. ನಾಲ್ಕು ದಿನದಲ್ಲಿ ಎರಡು ಮೀನು ಸತ್ತವು. ಮೂರನೆಯದು ರೆಕ್ಕೆ ಹರಿದುಕೊಂಡು ಗಾಳಿಯ ಕೊಳವೆಯ ಹಿಂದೆ ನಡುಗುತ್ತಿತ್ತು. ಲೀಲಾವತಿಯವರು ಅದನ್ನು ಬಲೆಯಲ್ಲಿ ಎತ್ತಿ ಒಂದು ಗಾಜಿನ ಜಾಡಿಯಲ್ಲಿ ಬಿಟ್ಟು, ಆ ಜಾಡಿಯನ್ನು ತಮ್ಮ ಸ್ಟೂಲಿನ ಪಕ್ಕದಲ್ಲಿ ಇಟ್ಟುಕೊಂಡರು. ಆಮೇಲೆ ಪುಸ್ತಕ ತೆರೆದು ನೋಡಿದರೆ, ಕೋಷ್ಟಕದ ಹಿಂದಿನ ಪುಟದಲ್ಲೇ ಲೋಟ ಲೋಟವಾಗಿ ನೀರು ಬೆರೆಸುವ ವಿಷಯ ಬರೆದಿತ್ತು. ನನಗೆ ಅವಮಾನವಾಯಿತು. ಅವಮಾನವಾದವನು ಮಾಡುವ ಕೆಲಸವನ್ನೇ ಮಾಡಿದೆ. ಒಂದು ಹಾಳೆ ತೆಗೆದುಕೊಂಡು, 'ವಿಭಾಗಕ್ಕೆ ಎರಡನೆಯ ಅಧ್ಯಾಪಕರ ಅಗತ್ಯ ಕಾಣುವುದಿಲ್ಲ' ಎಂದು ಬರೆದು, ಸಹಿ ಮಾಡಿ, ಮೇಜಿನ ಡ್ರಾಯರಿನಲ್ಲಿಟ್ಟೆ. ಸೋಮವಾರ ಮಧ್ಯಾಹ್ನ ಪ್ರಿನ್ಸಿಪಾಲರಿಗೆ ಕೊಡುವುದಿತ್ತು. ಅದಕ್ಕೆ ಇನ್ನೂ ಹನ್ನೊಂದು ದಿನವಿತ್ತು.

ನಡುವೆ ಒಂದು ದಿನ ತಾಳ್ಯಕ್ಕೆ ಹೋದೆ. ಅಣ್ಣ ಹರಿಯಬ್ಬೆಯ ಕಡೆಯಿಂದ ಹೊಸ ಹಸು ತಂದಿದ್ದ. ಕೊಟ್ಟಿಗೆಯಲ್ಲಿ ನಮ್ಮ ಹಳೆಯ ಹಸು ಗೌರಿ ಇತ್ತು. ಹಾಯುವುದರಲ್ಲಿ ಊರಿಗೇ ಹೆಸರು ಮಾಡಿದ ಹಸು ಅದು. ಇನ್ನು ಇದು ಹೊಸದನ್ನು ಬಿಟ್ಟೀತೇ ಎಂದುಕೊಂಡೆ. ಅವ್ವ ದನಗಳನ್ನೆಲ್ಲ ಹೊರಗೆ ಕಟ್ಟಿಸಿ, ಕೊಟ್ಟಿಗೆಯ ಗೂಟಗಳನ್ನು ಒಂದೊಂದಾಗಿ ಕೀಳಿಸುತ್ತಿದ್ದಳು.

"ಯಾಕವ್ವ, ಗೂಟ ಗಟ್ಟಿಯಾಗೇ ಇದ್ವಲ್ಲ?" ಎಂದೆ.

"ಗಟ್ಟಿ ಐತೆ ಅಂತ್ಲೇ ಕೀಳ್ಸೋದು ಕಣಪ್ಪ. ಇದು ನನ್ನ ಗೂಟ ಅಂತ ಗೊತ್ತಿದ್ರೇನೆ ದನ ಹಾಯೋದು. ಎಲ್ಲಾ ಗೂಟಾನೂ ಬ್ಯಾರೆ ಕಡೆ ಬಡೀಬೇಕು. ಹಳೇದಕ್ಕೆ ಹೊಟ್ಟೆ ತುಂಬ ಹಸೇ ಹುಲ್ಲು ಹಾಕ್ಬೇಕು. ಹೊತ್ತು ಮುಳುಗಿ ಮಬ್ಬಾದ ಮ್ಯಾಲೆ ಹಳೇದು ಹೊಸಾದು ಎಲ್ಲಾವುನ್ನೂ ಒಟ್ಟಿಗೆ ಒಳಕ್ಕೆ ಹೊಡ್ದ್ರೆ, ಯಾರ ಮನೇಗೆ ಯಾರು ಬಂದ್ರು ಅಂತ ಯಾವ್ದುಕ್ಕೂ ತಿಳಿಯಲ್ಲ."

ಹಾಗೇ ಆಯಿತು. ಗೌರಿ ತನ್ನ ಹಳೆಯ ಮೂಲೆಯಲ್ಲಿ ಗೂಟ ಹುಡುಕಿತು, ಇಲ್ಲ. ಹೊಸ ಮೂಲೆಗೆ ಹೋಯಿತು, ಅಲ್ಲಿ ಹುಲ್ಲಿತ್ತು. ಹುಲ್ಲು ಮೇಯುತ್ತ ಹೊಸ ಹಸುವನ್ನು ಒಂದು ಸಲ ಮೂಸಿ, ನೀನೂ ನನ್ನ ಹಾಗೇ ದಾರಿ ತಪ್ಪಿದವಳೋ ಎನ್ನುವಂತೆ ನೋಡಿ ಸುಮ್ಮನಾಯಿತು. ಅವ್ವನಿಗೆ ಓದು ಬರಹ ಬರುತ್ತಿರಲಿಲ್ಲ. ಪ್ರಾಣಿಶಾಸ್ತ್ರದಲ್ಲಿ ಎರಡು ಪದವಿ ಪಡೆದ ನಾನು ಗೋಡೆಗೊರಗಿ ನಿಂತು ನೋಡುತ್ತಿದ್ದೆ. ಅವ್ವ ಈಗಿಲ್ಲ. ಆ ಮಬ್ಬಿನಲ್ಲಿ ಹುಲ್ಲು ಜಗಿಯುವ ಸದ್ದು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತ ಅವಳು, ಇವೆರಡಕ್ಕಾಗಿ ನಾನು ಈಗ ಏನು ಬೇಕಾದರೂ ಕೊಟ್ಟೇನು.

ದುರ್ಗಕ್ಕೆ ಬಂದವನೇ ಬುಡೇನ್ ಸಾಬರನ್ನು ಕರೆದೆ. ಶನಿವಾರ ಮಧ್ಯಾಹ್ನ ಕಾಲೇಜು ಮುಗಿದ ಮೇಲೆ ಇಬ್ಬರೂ ಅಂಗಿಯ ತೋಳು ಮಡಿಸಿ, ತೊಟ್ಟಿಯ ಕಲ್ಲುಗಳನ್ನೆಲ್ಲ ಎತ್ತಿ ಬೇರೆ ರೀತಿ ಜೋಡಿಸಿದೆವು. ಅಮಲ್ದಾರನ ಪೊಟರೆ ಇಲ್ಲವಾಯಿತು. ಎರೆಹುಳುವಿನ ಚೂರು ಹಾಕಿ ಅವನ ಹೊಟ್ಟೆ ಬಿರಿಯುವಷ್ಟು ತಿನ್ನಿಸಿದೆವು. ತೊಟ್ಟಿಯ ಮೇಲೆ ಕಂಬಳಿ ಹೊದಿಸಿ ಮಬ್ಬು ಮಾಡಿದೆವು. ಲೀಲಾವತಿಯವರು ಜಾಡಿಗೆ ಒಂದೊಂದೇ ಲೋಟ ನೀರು ಬೆರೆಸಿದರು. ಈ ಸಲ ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಆಮೇಲೆ ಚುಕ್ಕೆ ಮೀನನ್ನು ಮೆಲ್ಲಗೆ ಬಿಟ್ಟು, ಕಂಬಳಿಯ ಅಂಚು ಎತ್ತಿ ಮೂವರೂ ಇಣುಕಿ ನೋಡಿದೆವು. ಅಮಲ್ದಾರ, ಈಗ ಇಲ್ಲದ ತನ್ನ ಪೊಟರೆಯನ್ನು ಹುಡುಕುತ್ತ ಅಲೆಯುತ್ತಿದ್ದ. ಚುಕ್ಕೆ ಮೀನು ಎದುರಾಯಿತು. ಅವನು ನಿಂತ, ನೋಡಿದ, ಪಕ್ಕಕ್ಕೆ ಸರಿದು ಹೋದ.

"ಯಾ ಅಲ್ಲಾ! ಅಮಲ್ದಾರ್ರು ದಾರಿ ಬಿಟ್ರು!" ಎಂದರು ಬುಡೇನ್ ಸಾಬರು.

ಲೀಲಾವತಿಯವರು ಹೋದ ಮೇಲೆ ನಾನು ಕುರ್ಚಿಯಲ್ಲಿ ಕಾಲು ಚಾಚಿ ಬುಡೇನ್ ಸಾಬರಿಗೆ ಒಂದು ಗಂಟೆ ಉಪನ್ಯಾಸ ಕೊಟ್ಟೆ. "ನೋಡ್ರಿ ಸಾಬ್ರೆ, ಪ್ರಾಣಿ ಕೆಟ್ಟದ್ದಲ್ಲ. ಜಾಗದ ಮೋಹ ಅದನ್ನು ಕೆಡಿಸುತ್ತೆ. ಜಾಗ ಬದಲಾಯಿಸಿ, ಹೊಟ್ಟೆ ತುಂಬಿಸಿ, ಬೆಳಕು ತಗ್ಗಿಸಿ. ಮೂರೇ ಸೂತ್ರ" ಎಂದೆ. ಅವ್ವನ ಹೆಸರನ್ನು ಹೇಳಲಿಲ್ಲ. ಬುಡೇನ್ ಸಾಬರು ನನ್ನನ್ನೂ ಕುರ್ಚಿಯನ್ನೂ ಬೀರುವಿನ ಹಿಂದಿನ ಸ್ಟೂಲನ್ನೂ ಒಮ್ಮೆ ನೋಡಿ, "ಹೌದಾ ಸಾರ್? ಎಲ್ಲಾ ಪ್ರಾಣಿಗೂ ಇದೇನಾ?" ಎಂದರು. "ಎಲ್ಲಾ ಪ್ರಾಣಿಗೂ" ಎಂದು ನಾನು ಒತ್ತಿ ಹೇಳಿದೆ.

ಸೋಮವಾರ ಕೋಣೆಯ ಬಾಗಿಲು ತೆರೆದವನು, ಯಾವುದೋ ಬೇರೆ ಕಾಲೇಜಿಗೆ ಬಂದೆನೇನೋ ಎಂದು ಹಿಂದೆ ಸರಿದೆ. ನನ್ನ ಮೇಜು ಕಿಟಕಿಯ ಹತ್ತಿರ ಇರಲಿಲ್ಲ. ಅಲ್ಲಿ ಸೀಸೆಗಳ ಬೀರು ನಿಂತಿತ್ತು. ಅಸ್ಥಿಪಂಜರ ಬಾಗಿಲ ಬಳಿ ನಿಂತು ನನ್ನನ್ನು ಸ್ವಾಗತಿಸುತ್ತಿತ್ತು. ಕೋಣೆಯ ನಡುವೆ ನನ್ನ ಮೇಜು, ಎಲ್ಲಿಂದಲೋ ಬಂದ ಇನ್ನೊಂದು ಮೇಜು, ಎರಡೂ ಎದುರುಬದುರು, ಒಂದನ್ನೊಂದು ತಾಗಿಕೊಂಡಿದ್ದವು. ಕಿಟಕಿಗೆ ತೊಟ್ಟಿಯ ಕಂಬಳಿಯನ್ನೇ ಇಳಿಬಿಟ್ಟಿದ್ದರಿಂದ ಕೋಣೆಯೆಲ್ಲ ಮಬ್ಬು. ನಾನು ನನ್ನ ಹಳೆಯ ಮೂಲೆಗೆ ಹೋದೆ, ಬೀರುವಿಗೆ ಡಿಕ್ಕಿ ಹೊಡೆದೆ, ಈ ಕಡೆ ಬಂದೆ, ಮತ್ತೆ ಆ ಕಡೆ ಹೋದೆ.

"ಇದೇನ್ರಿ ಸಾಬ್ರೆ ಇದು?"

"ನೆಲ ತೊಳ್ಸಿದ್ವಿ ಸಾರ್. ಬಿಸ್ಲು ಜಾಸ್ತಿ ಅಂತ ಕಿಟ್ಕಿ ಮುಚ್ಚೀನಿ. ಬರ್ರಿ, ಕುಂತ್ಕಳ್ರಿ. ಬಿಸಿ ಐತೆ, ತಿನ್ರಿ" ಎಂದು, ಒಂದು ಮೇಜಿನ ಮೇಲೆ ಕಾಗದ ಬಿಚ್ಚಿದರು. ಒಗ್ಗರಣೆ ಮಂಡಕ್ಕಿಯ ರಾಶಿ, ಮೇಲೆ ಆರು ಮೆಣಸಿನಕಾಯಿ ಬಜ್ಜಿ. ಸಿಟ್ಟು ಬರುವುದರಲ್ಲಿತ್ತು. ಆದರೆ ಮೂಗಿಗೆ ಬಜ್ಜಿಯ ವಾಸನೆ ಮೊದಲು ಬಂತು. ಕೂತೆ. ನಾಲ್ಕು ಬಜ್ಜಿ ಮುಗಿಯುವ ಹೊತ್ತಿಗೆ ಲೀಲಾವತಿಯವರು ಒಳಗೆ ಬಂದು, ಅವರೂ ನನ್ನಂತೆಯೇ ತಮ್ಮ ಹಳೆಯ ಮೂಲೆಗೆ ಹೋಗಿ, ಸ್ಟೂಲು ಕಾಣದೆ ಹಿಂದಕ್ಕೆ ಬಂದು ತಬ್ಬಿಬ್ಬಾಗಿ ನಿಂತರು. ಇಬ್ಬರಿಗೂ ನಮ್ಮ ನಮ್ಮ ಜಾಗ ಗೊತ್ತಿರಲಿಲ್ಲ.

"ಸರ್, ನಾನು ಎಲ್ಲಿ ಕೂತುಕೊಳ್ಳುವುದು?" ಎಂದರು.

ನನ್ನ ಬಾಯಿ ತುಂಬ ಬಜ್ಜಿ ಇತ್ತು. ಎದುರಿನ ಕುರ್ಚಿಯನ್ನು ತೋರಿಸಿದೆ. ಅವರು ಕೂತ ಮೇಲೆ ನೋಡುತ್ತೇನೆ, ಅದು ನನ್ನದೇ ಕುರ್ಚಿ, ನನ್ನ ಆಕಾರಕ್ಕೆ ತಗ್ಗಿದ ಬೆತ್ತದ ಕುರ್ಚಿ! ಏಳಿ ಎನ್ನಬೇಕೆಂದುಕೊಂಡೆ. ಹೊಟ್ಟೆ ತುಂಬಿತ್ತು, ಮನಸ್ಸು ಮಾಡಲಾಗಲಿಲ್ಲ. ಮಂಡಕ್ಕಿಯನ್ನು ಅವರ ಕಡೆಗೆ ತಳ್ಳಿ, "ತಗೊಳ್ಳಿ" ಎಂದೆ. ಆಗ ಯಾಕೋ ತಲೆಯೆತ್ತಿ ನೋಡಿದರೆ, ಕಿಟಕಿಗೆ ಇಳಿಬಿಟ್ಟ ಕಂಬಳಿಯ ಅಂಚು ಸ್ವಲ್ಪ ಎತ್ತಿತ್ತು. ಅದರ ಹಿಂದಿನಿಂದ, ಯಾವಾಗಲೋ ಹೊರಗೆ ಹೋಗಿದ್ದ ಬುಡೇನ್ ಸಾಬರ ಒಂದು ಕಣ್ಣು, ಶನಿವಾರ ನಾವು ತೊಟ್ಟಿಯೊಳಗೆ ಇಣುಕಿದ ಹಾಗೆಯೇ ನನ್ನನ್ನು ನೋಡುತ್ತಿತ್ತು.

ನನಗೆ ಎಲ್ಲವೂ ಒಟ್ಟಿಗೆ ಹೊಳೆಯಿತು. ಗೂಟ, ಹುಲ್ಲು, ಮಬ್ಬು. ಬಜ್ಜಿ ಗಂಟಲಲ್ಲಿ ಸಿಕ್ಕಿಕೊಂಡು ಕೆಮ್ಮು ಬಂತು. ಲೀಲಾವತಿಯವರು ನೀರು ತಂದುಕೊಟ್ಟರು. ಆರು ವಾರದಿಂದ ನಾನು ಆಕೆಗೆ ಒಂದು ಬೀಗದ ಕೈಯನ್ನೂ ನೆಟ್ಟಗೆ ಕೊಟ್ಟಿರಲಿಲ್ಲ. ನೀರು ಕುಡಿದು ತಲೆ ತಗ್ಗಿಸಿದೆ.

ಮಧ್ಯಾಹ್ನ ಪ್ರಿನ್ಸಿಪಾಲರಿಂದ ಕರೆ ಬಂತು, ಅಭಿಪ್ರಾಯ ಎಲ್ಲಿ ಎಂದು. ನಾನು ಬರೆದಿಟ್ಟ ಹಾಳೆ ನನ್ನ ಹಳೆಯ ಮೇಜಿನ ಡ್ರಾಯರಿನಲ್ಲಿತ್ತು. ಬುಡೇನ್ ಸಾಬರು ಮೇಜುಗಳನ್ನು ಜೋಡಿಸುವಾಗ ಆ ಡ್ರಾಯರಿನ ಮುಖವನ್ನು ಇನ್ನೊಂದು ಮೇಜಿಗೆ ಒತ್ತಿ ನಿಲ್ಲಿಸಿದ್ದರು. ಅದನ್ನು ತೆಗೆಯಬೇಕಾದರೆ ಮೇಜನ್ನು ಎಳೆಯಬೇಕು, ಎಳೆಯಬೇಕಾದರೆ ಲೀಲಾವತಿಯವರನ್ನು ಎಬ್ಬಿಸಬೇಕು. ಆಕೆ ಜೀರುಂಡೆಯ ಚಿತ್ರಕ್ಕೆ ಹೆಸರು ಬರೆಯುತ್ತ ತಲೆಬಗ್ಗಿಸಿ ಕೂತಿದ್ದರು. ನಾನು ಬೇರೊಂದು ಹಾಳೆ ತೆಗೆದುಕೊಂಡು, 'ಇವರಿಲ್ಲದೆ ವಿಭಾಗ ನಡೆಯುವುದು ಕಷ್ಟ' ಎಂದು ಬರೆದೆ. ಬರೆದ ಮೇಲೆ ಅದು ನಿಜವೆಂದೂ ಅನ್ನಿಸಿತು. ಇದೂ ಬುಡೇನ್ ಸಾಬರ ಯೋಜನೆಯೋ, ಕಾಕತಾಳೀಯವೋ, ಕೇಳಲಿಲ್ಲ. ಕೇಳಿದರೆ ಹೇಳುವವರೂ ಅವರಲ್ಲ.

ಲೀಲಾವತಿಯವರು ನಾನು ನಿವೃತ್ತನಾಗುವವರೆಗೂ ಆ ಕುರ್ಚಿಯಲ್ಲೇ ಕೂತರು. ಅದರ ಬೆತ್ತ ಅವರ ಆಕಾರಕ್ಕೆ ಬದಲಾಯಿತು. ಅವರ ತಮ್ಮಂದಿರು ಓದು ಮುಗಿಸಿದ ವರ್ಷ ಊರಿನಿಂದ ಹಲಸಿನ ಹಪ್ಪಳದ ಕಟ್ಟು ತಂದು ನನಗೊಂದು, ಬುಡೇನ್ ಸಾಬರಿಗೊಂದು ಕೊಟ್ಟರು. ಅಮಲ್ದಾರನೂ ಚುಕ್ಕೆ ಮೀನೂ ಮೂರು ವರ್ಷ ಒಂದೇ ನೀರಿನಲ್ಲಿ ಬಾಳಿದವು. ಆಮೇಲೆ ಕಬ್ಬಿಣ ತನ್ನ ಬುದ್ಧಿ ಬಿಡದೆ ತುಕ್ಕು ಹಿಡಿದು, ತೊಟ್ಟಿ ಸೋರಿ, ದುರ್ಗದ ಸಮುದ್ರ ಕಾಲೇಜಿನ ಮೆಟ್ಟಿಲು ಇಳಿದು ಹೋಯಿತು. ಮೆಟ್ಟಿಲ ಪಕ್ಕದ ಬೇವಿನ ಗಿಡ ಆ ವರ್ಷ ಒಣಗಿತು. ಬುಡೇನ್ ಸಾಬರು ಹೋಗಿಯೂ ಬಹಳ ಕಾಲವಾಯಿತು.

ನನ್ನ ಗುಣ ಮಾತ್ರ ಪೂರ್ತಿ ಹೋಗಿಲ್ಲ. ಆದರೆ ಒಂದು ಎಚ್ಚರಿಕೆ ಬಂದಿದೆ. ಯಾರಾದರೂ ಕೇಳದೆಯೇ ನನಗೆ ಬಜ್ಜಿ ಕೊಟ್ಟರೆ ಮೊದಲು ಬಾಗಿಲ ಕಡೆ ನೋಡುತ್ತೇನೆ. ಹೋದ ವಾರ ನನ್ನ ಹೆಂಡತಿ, ಸುಡು ಮಧ್ಯಾಹ್ನ, ಮಳೆಯಿಲ್ಲ ಹಬ್ಬವಿಲ್ಲ, ತಟ್ಟೆ ತುಂಬ ಬಜ್ಜಿ ತಂದು ಮುಂದಿಟ್ಟು ಕಿಟಕಿಯ ಪರದೆ ಎಳೆದಳು. ನಾನು ಕೂತಿದ್ದ ಈಜಿಚೇರೂ ಎಂದಿನ ಮೂಲೆಯಲ್ಲಿಲ್ಲವೆಂದು ಆಗ ಗಮನಿಸಿದೆ. ತಿರುಗಿ ನೋಡಿದೆ. ಬಾಗಿಲಲ್ಲಿ ಅವಳ ತಮ್ಮ, ಟ್ರಂಕು ಹಾಸಿಗೆ ಸಮೇತ ನಿಂತಿದ್ದ. ನಾನು ಇನ್ನೊಂದು ಬಜ್ಜಿ ತೆಗೆದುಕೊಂಡು, ಕುರ್ಚಿಯನ್ನು ಸ್ವಲ್ಪ ಸರಿಸಿ, "ಬಾರಪ್ಪ, ಕುಂತ್ಕೊ" ಎಂದೆ.